ಪಕ್ಷದಿಂದ ಪೀಠಕ್ಕೆ, ಪೀಠದಿಂದ ಪಕ್ಷಕ್ಕೆ: ಕೆ.ಎಸ್. ಹೆಗ್ಡೆಯವರ ಬಗೆಹರಿಯದ ತಕರಾರು

ನೀಟ್ ಬರೆದು ಕೌನ್ಸೆಲಿಂಗ್ ಪಟ್ಟಿ ನೋಡ್ತಾ ಕೂತಿರುವ ಯಾದಗಿರಿಯ ಹುಡುಗ ಹುಡುಗಿಯರಿಗೆ ಕೆ.ಎಸ್. ಹೆಗ್ಡೆ ಅಂದ್ರೆ ಮಂಗಳೂರು ಕಡೆಯ ಒಂದು ಮೆಡಿಕಲ್ ಕಾಲೇಜು, ಅಷ್ಟೇ. ಆ ಹೆಸರಿನವರು ಡಾಕ್ಟರ್ ಆಗಿರಲಿಲ್ಲ. ವಕೀಲರು, ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು, ಹೈಕೋರ್ಟ್ ಜಡ್ಜ್, ಸುಪ್ರೀಂ ಕೋರ್ಟ್ ಜಡ್ಜ್, ಆಮೇಲೆ ಜನತಾ ಪಕ್ಷದ ಸಂಸದ, ಲೋಕಸಭೆಯ ಸ್ಪೀಕರ್, ಕೊನೆಗೆ ಬಿಜೆಪಿಯ ಉಪಾಧ್ಯಕ್ಷ. ಒಂದೇ ಜನ್ಮದಲ್ಲಿ ಇಷ್ಟೂ.

ಈಗ ಯಾವುದೇ ದೊಡ್ಡ ತೀರ್ಪು ಬಂದರೂ ನಾವು ಮೊದಲು ಮಾಡೋ ಕೆಲಸ ಏನು? ತೀರ್ಪು ಓದುವುದಲ್ಲ. ಆ ಜಡ್ಜ್ ಯಾರ ಕಾಲದಲ್ಲಿ ನೇಮಕ ಆದವರು, ನಿವೃತ್ತಿ ಆದಮೇಲೆ ಎಲ್ಲಿಗೆ ಹೋಗಬಹುದು ಅಂತ ಹುಡುಕುವುದು. ಹಾಗೆ ಹುಡುಕುವವರಿಗೆ ಹೆಗ್ಡೆಯವರ ಬದುಕು ಸ್ವಲ್ಪ ತಲೆಬಿಸಿ ತರುತ್ತದೆ. ಜಡ್ಜ್‌ಗಳು ಪಕ್ಷಪಾತಿಗಳು ಅನ್ನುವವರೂ ಇವರನ್ನೇ ಉದಾಹರಣೆ ಕೊಡಬಹುದು, ಅಲ್ಲ ಅನ್ನುವವರೂ ಇವರನ್ನೇ ಕೊಡಬಹುದು. ಅವರ ಕಥೆ ಹೇಳಬೇಕಾದರೆ ಮೊದಲು ಒಂದು ರಾಷ್ಟ್ರಪತಿ ಚುನಾವಣೆಯ ಕಥೆ ಹೇಳಬೇಕು. ಅದರಲ್ಲಿ ನಮ್ಮ ಊರುಗಳ ಪಾಲೂ ಇತ್ತು.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ಅಧಿಕಾರದಲ್ಲಿ ಇರುವಾಗಲೇ ತೀರಿಕೊಂಡರು. ಕಾಂಗ್ರೆಸ್ ಒಳಗೆ ಆಗಲೇ ಎರಡು ಬಣ. ಒಂದು ಕಡೆ ಪ್ರಧಾನಿ ಇಂದಿರಾ ಗಾಂಧಿ. ಇನ್ನೊಂದು ಕಡೆ ಪಕ್ಷದ ಹಿರಿಯರ ಗುಂಪು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಜುಲೈನಲ್ಲಿ ಬೆಂಗಳೂರಿನಲ್ಲೇ ನಡೆದ ಸಭೆಯಲ್ಲಿ ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿದರು. ಇಂದಿರಾಗೆ ಅದು ಬೇಡವಾಗಿತ್ತು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಗಿರಿ ನಮಗೂ ಹೊಸಬರಲ್ಲ, 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಉಪರಾಷ್ಟ್ರಪತಿಯ ಕುರ್ಚಿಯೂ ಖಾಲಿ ಆಗಿದ್ದರಿಂದ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಕೆಲವು ವಾರ ಹಂಗಾಮಿ ರಾಷ್ಟ್ರಪತಿಯಾದರು. ಇಂದಿರಾ ತಮ್ಮ ಪಕ್ಷದವರಿಗೆ ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ಅಂದ್ರೆ ನಮ್ಮದೇ ಪಕ್ಷದ ಅಭ್ಯರ್ಥಿಯನ್ನು ಸೋಲಿಸಿ ಅಂತ ಅರ್ಥ.

ಆಗಸ್ಟ್ 16ರಂದು ಮತದಾನ. ಆಗ ಗುಲ್ಬರ್ಗ ಜಿಲ್ಲೆಯಲ್ಲಿದ್ದ ಯಾದಗಿರಿ, ಶಹಾಪುರ, ಸುರಪುರ ಕ್ಷೇತ್ರಗಳ ಶಾಸಕರಿಗೂ ಒಂದೊಂದು ಮತ. ಮೈಸೂರು ವಿಧಾನಸಭೆಯಲ್ಲಿ 216 ಸ್ಥಾನ, ಒಬ್ಬ ಶಾಸಕನ ಮತದ ಮೌಲ್ಯ 109. ಮೂರೂ ಊರು ಸೇರಿ 327. ಮುಖ್ಯಮಂತ್ರಿ ನಮ್ಮ ಜಿಲ್ಲೆಯವರೇ ಆದ ವೀರೇಂದ್ರ ಪಾಟೀಲರು, ನಿಜಲಿಂಗಪ್ಪನವರ ಕಡೆಯವರು. ಗುಪ್ತ ಮತದಾನ ಆದ್ದರಿಂದ ಯಾರ ಆತ್ಮಸಾಕ್ಷಿ ಎತ್ತ ವಾಲಿತು ಅನ್ನೋದು ಅವರವರ ಜೊತೆಗೇ ಹೋಯಿತು. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡನೇ ಪ್ರಾಶಸ್ತ್ಯದ ಮತ ಸೇರಿಸಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅಂತರ 14,650. ಮೈಸೂರಿನ ಲೆಕ್ಕದಲ್ಲಿ ಹೇಳೋದಾದ್ರೆ 68 ಶಾಸಕರು ಆಚೆಯಿಂದ ಈಚೆ ಬಂದಿದ್ದರೆ ರಾಷ್ಟ್ರಪತಿಯೇ ಬೇರೆ.

ಸೋತವರ ಕಡೆಯವರು ಸುಪ್ರೀಂ ಕೋರ್ಟಿಗೆ ಹೋದರು. ರಾಷ್ಟ್ರಪತಿ ಚುನಾವಣೆಯ ತಕರಾರನ್ನು ತೀರ್ಮಾನಿಸೋದು ಸುಪ್ರೀಂ ಕೋರ್ಟೇ, ಸಂವಿಧಾನದ 71ನೇ ವಿಧಿ ಹಾಗೆ ಹೇಳುತ್ತದೆ. ಮುಖ್ಯ ಆರೋಪ ಒಂದು ಕರಪತ್ರದ ಬಗ್ಗೆ. ಸಂಜೀವ ರೆಡ್ಡಿಯವರ ನಡತೆಯನ್ನು ಹೊಲಸಾಗಿ ಬಣ್ಣಿಸಿದ ಹೆಸರಿಲ್ಲದ ಕರಪತ್ರವೊಂದು ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಹಂಚಿಕೆಯಾಗಿತ್ತು. ವಾಟ್ಸ್ಆ್ಯಪ್ ಇಲ್ಲದ ಕಾಲದ ಫಾರ್ವರ್ಡ್ ಅನ್ನಿ. ಐವರ ಪೀಠ ಕೂತಿತು, ಅದರಲ್ಲಿ ಜೆ.ಎಂ. ಶೆಲಟ್ ಅನ್ನುವ ನ್ಯಾಯಮೂರ್ತಿಯೂ ಇದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಗಿರಿ ಖುದ್ದು ಕೋರ್ಟಿಗೆ ಬಂದು ಸಾಕ್ಷಿ ನುಡಿದರು. 1970ರ ಮೇ 11ರಂದು ಕೋರ್ಟು ಅರ್ಜಿಗಳನ್ನು ತಳ್ಳಿಹಾಕಿತು, ಗಿರಿ ಉಳಿದರು.

ಹೆಗ್ಡೆ ಆ ಪೀಠದಲ್ಲಿ ಇರಲಿಲ್ಲ. ಆದರೆ ಆ ಚುನಾವಣೆ ಹೊತ್ತಿಸಿದ ಬೆಂಕಿ ಮೂರು ವರ್ಷದಲ್ಲಿ ಅವರ ಕುರ್ಚಿಯವರೆಗೆ ಬಂತು. ಎಂಟು ವರ್ಷದ ಮೇಲೆ ಅದೇ ಚುನಾವಣೆಯಲ್ಲಿ ಸೋತ ಸಂಜೀವ ರೆಡ್ಡಿ ಬಿಟ್ಟ ಕುರ್ಚಿಯಲ್ಲಿ ಅವರು ಕೂರುವಂತಾಯಿತು.

ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಊರ ಶಾಲೆ, ಕಾರ್ಕಳದ ಹೈಸ್ಕೂಲು, ಮಂಗಳೂರಿನ ಸೇಂಟ್ ಅಲೋಶಿಯಸ್, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಲಾ ಕಾಲೇಜು. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಮೂವತ್ತರ ದಶಕದಲ್ಲಿ ವಕೀಲಿ ಶುರು, ಜೊತೆಗೆ ಕಾಂಗ್ರೆಸ್. 1947ರಿಂದ 51ರವರೆಗೆ ಸರ್ಕಾರಿ ವಕೀಲರು, ಪಬ್ಲಿಕ್ ಪ್ರಾಸಿಕ್ಯೂಟರ್. ಅವರು ಕರಾವಳಿಯಲ್ಲಿ ಸ್ವತಂತ್ರ ಭಾರತದ ಸರ್ಕಾರದ ಪರ ವಾದ ಶುರು ಮಾಡಿದಾಗ ನಾವಿನ್ನೂ ನಿಜಾಮನ ಪ್ರಜೆಗಳು. ಇಲ್ಲಿ ಕೋರ್ಟಿನ ಭಾಷೆ ಉರ್ದು, ದೊರೆಯ ಮಾತೇ ಕಾನೂನು. 1948ರ ಸೆಪ್ಟೆಂಬರ್ ಬರಬೇಕಾಯಿತು ಅದು ಮುಗಿಯಲು.

1952ರಲ್ಲಿ ಮದರಾಸಿನಿಂದ ರಾಜ್ಯಸಭೆಗೆ ಹೋದರು. ಮೊದಲ ರಾಜ್ಯಸಭೆ ಅದು. 1957ರಲ್ಲಿ ಸಂಸತ್ತು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಗಮನಿಸಿ: ಆಳುವ ಪಕ್ಷದ ಸಂಸದ ನೇರ ಹೈಕೋರ್ಟ್ ಪೀಠಕ್ಕೆ. ಇವತ್ತು ಹೀಗಾದ್ರೆ ಟ್ವಿಟರ್ ಸುಮ್ಮನಿರುತ್ತಾ? ಆಗ ಅಷ್ಟು ಗದ್ದಲ ಆಗಲಿಲ್ಲ. ಸ್ವಾತಂತ್ರ್ಯ ಹೋರಾಟದ ಪೀಳಿಗೆಯಲ್ಲಿ ಒಳ್ಳೆಯ ವಕೀಲನಾಗಿದ್ದು ಕಾಂಗ್ರೆಸ್ಸಿನ ಗಾಳಿ ತಾಗದವರು ಸಿಗುವುದೇ ಕಷ್ಟ ಇತ್ತು ಅನ್ನೋದು ಒಂದು ಸಮಾಧಾನ. ನನಗೆ ಅದು ಪೂರ್ತಿ ಒಪ್ಪಿಗೆಯಲ್ಲ, ಆದರೂ ಆ ಕಾಲದ ಸತ್ಯ ಅದು.

ರಾಜ್ಯ ಒಂದಾಗಿ ಒಂದು ವರ್ಷವೂ ಆಗಿರಲಿಲ್ಲ. ಮುಂಬೈ, ಮದರಾಸು, ಹೈದರಾಬಾದ್, ಕೊಡಗು, ಹಳೇ ಮೈಸೂರು, ಐದು ಕಡೆಯ ಕಾನೂನು ಒಂದೇ ಹೈಕೋರ್ಟಿನ ಮೇಜಿಗೆ ಬರುತ್ತಿದ್ದವು. ಸುರಪುರದ ಜಮೀನು ವ್ಯಾಜ್ಯದ ಮೇಲ್ಮನವಿಗೂ ಬೆಂಗಳೂರಿಗೇ ಹೋಗಬೇಕು. ಕಲಬುರಗಿಗೆ ಹೈಕೋರ್ಟ್ ಸಂಚಾರಿ ಪೀಠ ಬಂದಿದ್ದು 2008ರಲ್ಲಿ, ಅದು ಕಾಯಂ ಆಗಿದ್ದು 2013ರಲ್ಲಿ. ಕೋರ್ಟ್ ಯಾರ ಪರ ಅಂತ ಕೇಳುವ ಮುಂಚೆ ಕೋರ್ಟ್ ಎಷ್ಟು ದೂರ ಅಂತ ಕೇಳಿದ ಜನ ನಾವು. ಇರಲಿ.

1966ರಲ್ಲಿ ದೆಹಲಿ ಹೈಕೋರ್ಟ್ ಹುಟ್ಟಿದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಹೆಗ್ಡೆ. 1967ರ ಜುಲೈನಲ್ಲಿ ಸುಪ್ರೀಂ ಕೋರ್ಟಿಗೆ. ಅದೇ ವರ್ಷ ಅಲ್ಲಿ ಒಂದು ವಿಚಿತ್ರ ನಡೆದುಹೋಗಿತ್ತು. ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ರಾಜೀನಾಮೆ ಕೊಟ್ಟು, ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ರಾಷ್ಟ್ರಪತಿ ಚುನಾವಣೆಗೆ ನಿಂತು, ಝಾಕಿರ್ ಹುಸೇನ್ ಎದುರು ಸೋತಿದ್ದರು. ಅದಕ್ಕೆ ಎರಡೇ ತಿಂಗಳ ಮುಂಚೆ, ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡುವಂತಿಲ್ಲ ಅಂತ ಗೋಲಕನಾಥ್ ಪ್ರಕರಣದಲ್ಲಿ ಸರ್ಕಾರದ ವಿರುದ್ಧ ತೀರ್ಪು ಬರೆದವರು ಅವರು. ಸರ್ಕಾರದವರ ಮನಸ್ಸಿನಲ್ಲಿ ಆಗಲೇ ಒಂದು ಲೆಕ್ಕ ಕೂತುಬಿಟ್ಟಿರಬೇಕು: ಇವರೂ ನಮ್ಮ ಎದುರಾಳಿಗಳೇ.

ಹೆಗ್ಡೆಯವರ ತೀರ್ಪುಗಳಲ್ಲಿ ನನಗೆ ಹೆಚ್ಚು ಮುಖ್ಯ ಅನಿಸುವುದು ಕಾಶ್ಮೀರದ ಅರಣ್ಯ ಅಧಿಕಾರಿಗಳ ಒಂದು ಕೇಸು. ದೊಡ್ಡ ದೊಡ್ಡ ಸಂವಿಧಾನ ಪ್ರಕರಣಗಳ ನಡುವೆ ಇದು ಸಣ್ಣದು. ಕ್ರೈಪಾಕ್ ಪ್ರಕರಣ ಅಂತಾರೆ, ಕಾನೂನು ಓದುವವರಿಗೆಲ್ಲ ಗೊತ್ತು. ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆಯ್ಕೆ ಮಾಡಲು ಒಂದು ಮಂಡಳಿ ಕೂತಿತ್ತು. ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ನಕ್ಷಬಂದ್ ಆ ಮಂಡಳಿಯ ಸದಸ್ಯ. ಆತನೇ ಆಯ್ಕೆ ಬಯಸಿದ ಅಭ್ಯರ್ಥಿ ಕೂಡ! ತನ್ನ ಹೆಸರು ಬಂದಾಗ ಎದ್ದು ಹೊರಗೆ ಹೋದ. ತನ್ನ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಒಳಗೇ ಕೂತಿದ್ದ. ಪಟ್ಟಿ ಬಂದಾಗ ಮೊದಲ ಹೆಸರು ಅವನದೇ. 1969ರ ಏಪ್ರಿಲ್ 29ರಂದು, ಅಂದ್ರೆ ಝಾಕಿರ್ ಹುಸೇನ್ ತೀರಿಹೋಗುವ ನಾಲ್ಕು ದಿನ ಮುಂಚೆ, ಐವರ ಪೀಠದ ಪರವಾಗಿ ಹೆಗ್ಡೆ ತೀರ್ಪು ಬರೆದು ಇಡೀ ಆಯ್ಕೆಯನ್ನು ರದ್ದು ಮಾಡಿದರು.

ತೀರ್ಪಿನ ತಿರುಳು ಸರಳ. ಒಬ್ಬನ ತಲೆಯೊಳಗೆ ಪಕ್ಷಪಾತ ಇತ್ತಾ ಅಂತ ಸಾಬೀತು ಮಾಡಲು ಯಾರಿಂದಲೂ ಆಗದು. ಹಾಗಾಗಿ ಕೇಳಬೇಕಾದ್ದು ಬೇರೆ ಪ್ರಶ್ನೆ: ಆತ ಕೂತ ಜಾಗ ನೋಡಿದರೆ ಪಕ್ಷಪಾತ ಆಗುವ ಸಾಧ್ಯತೆ ನಿಜಕ್ಕೂ ಇತ್ತಾ? ಇದ್ದರೆ ಸಾಕು, ತೀರ್ಮಾನ ನಿಲ್ಲದು. ನ್ಯಾಯಾಲಯ ಮಾತ್ರ ಅಲ್ಲ, ಸರ್ಕಾರಿ ಕಚೇರಿಯ ತೀರ್ಮಾನಗಳಿಗೂ ಇದೇ ಅಳತೆ ಅಂತ ಹೇಳಿದ್ದರಿಂದ ಆ ತೀರ್ಪು ಇವತ್ತಿಗೂ ಬದುಕಿದೆ. ನೌಕರಿ ಆಯ್ಕೆಯಲ್ಲಿ ಅನ್ಯಾಯ ಆಯ್ತು ಅಂತ ಕೋರ್ಟಿಗೆ ಹೋಗುವವರ ವಕೀಲರು ಈಗಲೂ ಅದನ್ನೇ ಎತ್ತಿ ಹಿಡಿಯುತ್ತಾರೆ.

ಸುರಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ವಿಚಾರಣೆ ಮಾಡಿದ್ದು ಅವರ ವಿರುದ್ಧ ಯುದ್ಧ ಮಾಡಿದ ಬ್ರಿಟಿಷರದೇ ಸೈನಿಕ ನ್ಯಾಯಾಲಯ. ಮೊದಲು ಮರಣದಂಡನೆ, ಆಮೇಲೆ ಶಿಕ್ಷೆ ಇಳಿಕೆ, ಜೈಲಿಗೆ ಹೋಗುವ ದಾರಿಯಲ್ಲಿ ಗುಂಡೇಟಿನಿಂದ ಸಾವು. ಹೊಡೆದಾಡಿದವನೇ ಜಡ್ಜ್ ಆಗಿ ಕೂತರೆ ಅವನ ಮನಸ್ಸು ಶುದ್ಧ ಇತ್ತಾ ಇಲ್ಲವಾ ಅಂತ ಯಾರು ನೋಡಲು ಹೋಗ್ತಾರೆ?

ಕ್ರೈಪಾಕ್ ಪೀಠದ ಐವರಲ್ಲಿ ಹೆಗ್ಡೆಯವರ ಜೊತೆ ಶೆಲಟ್ ಇದ್ದರು, ಎ.ಎನ್. ಗ್ರೋವರ್ ಇದ್ದರು. ನಾಲ್ಕು ವರ್ಷದ ನಂತರ ಒಂದೇ ದಿನ ಒಂದೇ ಏಟಿಗೆ ಬಿದ್ದವರು ಈ ಮೂವರೇ.

ಅಲ್ಲಿವರೆಗಿನ ದಾರಿ ಬೇಗ ಹೇಳಿಬಿಡ್ತೀನಿ. 1969ರ ಜುಲೈನಲ್ಲಿ ಇಂದಿರಾ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. 1970ರ ಫೆಬ್ರುವರಿಯಲ್ಲಿ ಹನ್ನೊಂದು ಮಂದಿಯ ಪೀಠ 10-1ರಲ್ಲಿ ಆ ಕಾಯ್ದೆಯನ್ನು ಹೊಡೆದುಹಾಕಿತು. ಹೆಗ್ಡೆ ಹತ್ತರಲ್ಲಿ ಒಬ್ಬರು, ಒಂಟಿಯಾಗಿ ಸರ್ಕಾರದ ಪರ ನಿಂತವರು ಎ.ಎನ್. ರೇ. ಅದೇ ಡಿಸೆಂಬರ್‌ನಲ್ಲಿ ಮಾಜಿ ರಾಜರ ರಾಜಧನ ನಿಲ್ಲಿಸಿದ ಆದೇಶವೂ ಕೋರ್ಟಿನಲ್ಲಿ ಬಿತ್ತು. ಅಲ್ಲೂ ಹೆಗ್ಡೆ ಬಹುಮತದಲ್ಲಿ, ರೇ ಭಿನ್ನಮತದಲ್ಲಿ. ಇಂದಿರಾ ಲೋಕಸಭೆ ವಿಸರ್ಜಿಸಿ, ಬಡತನ ತೊಲಗಿಸಿ ಅಂತ ಹೇಳಿ 1971ರಲ್ಲಿ 352 ಸ್ಥಾನ ಗೆದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗ ಶಹಾಪುರದಲ್ಲೋ ಯಾದಗಿರಿಯಲ್ಲೋ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದವನ ಕಣ್ಣಿನಿಂದ ನೋಡಿ. ಬ್ಯಾಂಕು ಸಾಹುಕಾರರದು, ಕೋರ್ಟು ಅವರ ಪರ. ರಾಜಧನ ರಾಜರದು, ಕೋರ್ಟು ಅವರ ಪರ. ಭೂಸುಧಾರಣೆಗೂ ಆಸ್ತಿ ಹಕ್ಕು ಅಡ್ಡ ಬರುತ್ತಿದೆ. ಅವನಿಗೆ ಹೆಗ್ಡೆಯಂಥ ಜಡ್ಜ್‌ಗಳು ಸಂವಿಧಾನದ ಕಾವಲುಗಾರರ ಥರ ಕಂಡಿರಲಾರರು. ಇಂದಿರಾ ಬೆಂಬಲಿಗರು ಕೋರ್ಟನ್ನು ಪಕ್ಷಪಾತಿ ಅಂದಾಗ ಅದು ಬರೀ ಸರ್ವಾಧಿಕಾರದ ಮಾತಾಗಿರಲಿಲ್ಲ, ಅದರಲ್ಲಿ ಒಂದು ನಿಜವಾದ ನೋವೂ ಇತ್ತು. ಇದನ್ನು ಬಿಟ್ಟು ಹೆಗ್ಡೆಯವರ ಕಥೆ ಹೇಳಿದರೆ ಅದು ಪಟ ಕಟ್ಟಿ ಹೂ ಹಾಕಿದ ಹಾಗೆ ಆಗುತ್ತೆ.

ಆದರೆ ಇಂದಿರಾ ಅವರ ಸಿಟ್ಟಿಗೆ ಇನ್ನೊಂದು ಕಾರಣ ಇತ್ತು ಅನ್ನುವುದು ಹೆಗ್ಡೆಯವರ ನಂಬಿಕೆ. ಬ್ಯಾಂಕಿಗೂ ಬಡವರಿಗೂ ಅದಕ್ಕೂ ಸಂಬಂಧ ಇಲ್ಲ. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಎದುರು ಸೋತ ರಾಜ್ ನಾರಾಯಣ್ ಅಲಹಾಬಾದ್ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಿದ್ದರು. ಅರ್ಜಿಗೆ ತಿದ್ದುಪಡಿ ಮಾಡಲು ಹೈಕೋರ್ಟು ಬಿಡಲಿಲ್ಲ, ಕೇಸು ಅರ್ಧ ಸತ್ತಂತಾಯಿತು. 1972ರ ಮಾರ್ಚಿನಲ್ಲಿ ಹೆಗ್ಡೆ ಮತ್ತಿಬ್ಬರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಇಂದಿರಾ ಯಾವತ್ತಿನಿಂದ ಅಭ್ಯರ್ಥಿ ಅನ್ನೋ ಪ್ರಶ್ನೆ ವಿಚಾರಣೆಗೆ ಬರಲೇಬೇಕು ಅಂತಾಯಿತು. ಆಗ ಪತ್ರಿಕೆಗಳ ಒಳಪುಟದ ಸುದ್ದಿಯಂಥ ಆದೇಶ ಅದು. 1975ರ ಜೂನ್ 12ರಂದು ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಇಂದಿರಾ ಚುನಾವಣೆಯನ್ನು ರದ್ದು ಮಾಡಿದಾಗ ಎರಡು ಆಧಾರಗಳಲ್ಲಿ ಒಂದು ನಿಂತಿದ್ದು ಅದೇ ಪ್ರಶ್ನೆಯ ಮೇಲೆ.

1973ರ ಏಪ್ರಿಲ್ 24. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೆಸರಿನ ಪ್ರಕರಣದಲ್ಲಿ, 13 ಮಂದಿ 68 ದಿನ ವಾದ ಕೇಳಿದ ಮೇಲೆ ತೀರ್ಪು. ಸಂಸತ್ತು ಸಂವಿಧಾನ ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ. 7-6. ಹೆಗ್ಡೆ ಏಳರಲ್ಲಿ. ಮಾರನೇ ದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತಿ. ಸೇವಾ ಹಿರಿತನದ ಪದ್ಧತಿ ಪ್ರಕಾರ ಮುಂದಿನವರು ಶೆಲಟ್. ಅವರು ಜುಲೈನಲ್ಲಿ ನಿವೃತ್ತರಾದ ಮೇಲೆ ಹೆಗ್ಡೆ, 1974ರ ಜೂನ್‌ವರೆಗೆ. ಕರ್ನಾಟಕದಿಂದ ಅಲ್ಲಿವರೆಗೆ ಯಾರೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಆದರೆ ಸಿಕ್ರಿ ನಿವೃತ್ತಿಯ ದಿನ ಬಂದ ಸುದ್ದಿಯೇ ಬೇರೆ. ಶೆಲಟ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ರೇ ಮುಖ್ಯ ನ್ಯಾಯಮೂರ್ತಿ. ನೇಮಕಕ್ಕೆ ಸಹಿ ಹಾಕಿದವರು ರಾಷ್ಟ್ರಪತಿ ವಿ.ವಿ. ಗಿರಿ. ಮೂರು ವರ್ಷದ ಹಿಂದೆ ಅವರ ಚುನಾವಣೆಯನ್ನು ಎತ್ತಿಹಿಡಿದ ಐವರಲ್ಲಿ ಶೆಲಟ್ ಒಬ್ಬರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರದು ಏಪ್ರಿಲ್ 30ಕ್ಕೆ ಜಾರಿಯಾಯಿತು. ಕನ್ನಡ ನಾಡಿನಿಂದ ಮುಖ್ಯ ನ್ಯಾಯಮೂರ್ತಿಯಾಗಿ ಇ.ಎಸ್. ವೆಂಕಟರಾಮಯ್ಯ ಕೂರಲು 1989 ಬರಬೇಕಾಯಿತು.

ಸಂಸತ್ತಿನಲ್ಲಿ ಸರ್ಕಾರವನ್ನು ಜೋರಾಗಿ ಸಮರ್ಥಿಸಿದವರು ಉಕ್ಕು ಮತ್ತು ಗಣಿ ಸಚಿವ ಮೋಹನ್ ಕುಮಾರಮಂಗಲಂ. ಒಂದು ಕಾಲದ ಕಮ್ಯುನಿಸ್ಟ್, ದೊಡ್ಡ ವಕೀಲ. ಅವರ ವಾದವನ್ನು ಸುಲಭಕ್ಕೆ ತಳ್ಳಿಹಾಕುವ ಹಾಗಿಲ್ಲ. ಬರೀ ಸೇವಾ ಹಿರಿತನ ನೋಡಿ ಮುಖ್ಯ ನ್ಯಾಯಮೂರ್ತಿ ಮಾಡಬೇಡಿ ಅಂತ 1958ರಲ್ಲೇ ಕಾನೂನು ಆಯೋಗ ಹೇಳಿತ್ತು. ಪ್ರತಿ ಜಡ್ಜ್‌ಗೂ ಒಂದು ಸಾಮಾಜಿಕ ದೃಷ್ಟಿ ಇರುತ್ತೆ, ಅದು ಇಲ್ಲ ಅಂತ ನಟಿಸೋದು ಯಾಕೆ, ಜನ ಆರಿಸಿದ ಸರ್ಕಾರ ಜನರ ಗಾಳಿ ಅರ್ಥವಾಗುವವರನ್ನು ನೇಮಿಸಿದರೆ ತಪ್ಪೇನು ಅನ್ನೋದು ಅವರ ಮಾತಿನ ಸಾರ.

ಮಾತು ಚೆನ್ನಾಗಿದೆ. ಆದರೆ ಕ್ರೈಪಾಕ್ ಅಳತೆಗೋಲು ಇಟ್ಟು ನೋಡಿ. ಸುಪ್ರೀಂ ಕೋರ್ಟಿನಲ್ಲಿ ಅತಿ ಹೆಚ್ಚು ಕೇಸು ಇರುವ ಕಕ್ಷಿದಾರ ಸರ್ಕಾರವೇ. ಪ್ರಧಾನಿಯ ಸ್ವಂತ ಚುನಾವಣೆಯ ಕೇಸು ಅಲಹಾಬಾದಿನಲ್ಲಿ ನಡೀತಾ ಇದೆ, ಇಂದಲ್ಲ ನಾಳೆ ದೆಹಲಿಗೆ ಬಂದೇ ಬರುತ್ತೆ. ಆ ದಿನ ಪೀಠದಲ್ಲಿ ಯಾರು ಕೂರಬೇಕು ಅಂತ ಹಂಚುವ ಅಧಿಕಾರ ಮುಖ್ಯ ನ್ಯಾಯಮೂರ್ತಿಯದು. ಆ ಮುಖ್ಯ ನ್ಯಾಯಮೂರ್ತಿಯನ್ನು ಆರಿಸಿದವರು ಅದೇ ಕಕ್ಷಿದಾರರು. ನಕ್ಷಬಂದ್ ಕನಿಷ್ಠ ತನ್ನ ಹೆಸರು ಬಂದಾಗ ಎದ್ದು ಹೊರಗೆ ಹೋಗಿದ್ದ!

ಅಮೆರಿಕದವರು ಈ ತೊಂದರೆಯನ್ನು ಬೇರೆ ರೂಪದಲ್ಲಿ ಎರಡು ಸಲ ಉಂಡಿದ್ದಾರೆ. 1876ರ ಅಧ್ಯಕ್ಷ ಚುನಾವಣೆಯ ಜಗಳ ತೀರಿಸಲು 15 ಜನರ ಆಯೋಗ ಮಾಡಿ, ಅದರಲ್ಲಿ ಐವರು ಸುಪ್ರೀಂ ಕೋರ್ಟ್ ಜಡ್ಜ್‌ಗಳನ್ನು ಕೂರಿಸಿದರು. ಪ್ರತಿ ತೀರ್ಮಾನವೂ 8-7, ಪಕ್ಷದ ಗೆರೆ ಎಳೆದ ಹಾಗೆ. 2000ದಲ್ಲಿ ಬುಷ್ ಮತ್ತು ಗೋರ್ ನಡುವೆ ಫ್ಲೋರಿಡಾದ ಮರುಎಣಿಕೆ ನಿಲ್ಲಿಸಿದ ತೀರ್ಪು 5-4. ಬುಷ್ ಪರ ನಿಂತ ಐವರನ್ನೂ ಸುಪ್ರೀಂ ಕೋರ್ಟಿಗೆ ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷರು. ಅಲ್ಲಿ ನೇಮಕದ ಹೊತ್ತಿಗೇ ಪಕ್ಷದ ಗುರುತು ಬಹಿರಂಗ. ನಮ್ಮಲ್ಲಿ ಅದನ್ನು ಬಾಗಿಲ ಹಿಂದೆ ಮಾಡ್ತಾರೆ.

ಹಾಗಾದ್ರೆ ಸರ್ಕಾರ ಆರಿಸಿದ ಜಡ್ಜ್‌ಗಳೆಲ್ಲ ಸರ್ಕಾರ ಹೇಳಿದಂತೆ ಕೇಳಿದರಾ? ಇಲ್ಲೇ ಕಥೆ ಜಟಿಲ ಆಗೋದು. 1975ರ ಆಗಸ್ಟಿನಲ್ಲಿ, ತುರ್ತುಪರಿಸ್ಥಿತಿಯ ನಡುವೆ, 39ನೇ ತಿದ್ದುಪಡಿ ಬಂತು. ರಾಷ್ಟ್ರಪತಿ, ಉಪರಾಷ್ಟ್ರಪತಿ, ಪ್ರಧಾನಿ, ಸ್ಪೀಕರ್ ಚುನಾವಣೆಗಳ ತಕರಾರನ್ನು ಕೋರ್ಟುಗಳ ಕೈಯಿಂದ ಕಿತ್ತುಕೊಂಡಿತು. ಗಿರಿಯವರನ್ನು ಸಾಕ್ಷಿ ಕಟಕಟೆಗೆ ತಂದ 71ನೇ ವಿಧಿ ಹೀಗೆ ಹಲ್ಲು ಕಳೆದುಕೊಂಡಿತು. ಇಂದಿರಾ ಅವರ ರದ್ದಾದ ಚುನಾವಣೆಗೂ ಮತ್ತೆ ಮಾನ್ಯತೆ ಕೊಟ್ಟಿತು. ನವೆಂಬರ್ 7ರಂದು ರೇ ನೇತೃತ್ವದ ಐವರ ಪೀಠ ತೀರ್ಪು ಕೊಟ್ಟಿತು. ಐವರಲ್ಲಿ ನಾಲ್ವರು ಕೇಶವಾನಂದ ಪ್ರಕರಣದಲ್ಲಿ ಹೆಗ್ಡೆಯವರ ಎದುರು ಬಣದವರು. ಆದರೂ ಪ್ರಧಾನಿ ಚುನಾವಣೆಯನ್ನು ಕೋರ್ಟಿನಾಚೆ ಇಟ್ಟ ಆ ಕಲಮನ್ನು ಪೀಠ ಹೊಡೆದುಹಾಕಿತು, ಹೆಗ್ಡೆ ಮತ್ತು ಜೊತೆಗಾರರು ಬಿಟ್ಟುಹೋದ ಮೂಲ ರಚನೆಯ ಆಧಾರವನ್ನೇ ಹಿಡಿದು. ಅದೇ ಉಸಿರಿನಲ್ಲಿ, ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ ತಿದ್ದಿದ ಚುನಾವಣಾ ಕಾನೂನನ್ನು ಒಪ್ಪಿ ಇಂದಿರಾ ಅವರನ್ನು ಉಳಿಸಿತು. ತತ್ವ ಗೆದ್ದಿತು, ಪ್ರಧಾನಿಯೂ ಗೆದ್ದರು. ಮುಂದಿನ ವರ್ಷ ಜೀವಿಸುವ ಹಕ್ಕಿನ ಪ್ರಶ್ನೆಯಲ್ಲಿ ಅದೇ ಕೋರ್ಟು 4-1ರಲ್ಲಿ ಕೈಚೆಲ್ಲಿತು. ಒಂಟಿಯಾಗಿ ನಿಂತ ಎಚ್.ಆರ್. ಖನ್ನಾ ಅವರಿಗೆ 1977ರ ಜನವರಿಯಲ್ಲಿ ಹೆಗ್ಡೆಯವರಿಗೆ ಆದದ್ದೇ ಆಯಿತು.

ಇಷ್ಟಕ್ಕೇ ಹೆಗ್ಡೆಯವರ ಕಥೆ ಮುಗಿದಿದ್ದರೆ ಅವರು ಬರೀ ಹುತಾತ್ಮರಾಗಿ ಉಳಿಯುತ್ತಿದ್ದರು. ಮುಗಿಯಲಿಲ್ಲ. ರಾಜೀನಾಮೆ ಕೊಟ್ಟ ಮೇಲೆ ಸರ್ಕಾರದ ವಿರುದ್ಧ ಮಾತಾಡಿದರು, ಬರೆದರು. 1977ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಅಭ್ಯರ್ಥಿಯಾದರು. ಉತ್ತರ ಭಾರತದಲ್ಲಿ ಇಂದಿರಾ ಕೊಚ್ಚಿಹೋದ ಆ ವರ್ಷ ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೇ ಬಂತು. ನಮ್ಮ ಜನ ದೇವರಾಜ ಅರಸರ ಭೂಸುಧಾರಣೆ ಕಂಡಿದ್ದರು, ದೆಹಲಿಯ ತುರ್ತುಪರಿಸ್ಥಿತಿ ಅವರಿಗೆ ಬೇರೆ ಥರ ಕಂಡಿತ್ತು. ಉಳಿದ ಎರಡರಲ್ಲಿ ಒಂದು ಹೆಗ್ಡೆಯವರದು.

ಜುಲೈನಲ್ಲಿ ಸ್ಪೀಕರ್ ಸಂಜೀವ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. 1969ರ ಲೆಕ್ಕ ಹೀಗೆ ಚುಕ್ತಾ ಆಯ್ತು. ಅವರು ತೆರವು ಮಾಡಿದ ಸ್ಪೀಕರ್ ಕುರ್ಚಿಗೆ 21ನೇ ತಾರೀಕು ಹೆಗ್ಡೆ ಬಂದರು. ಮರುವರ್ಷ 44ನೇ ತಿದ್ದುಪಡಿ 71ನೇ ವಿಧಿಯನ್ನು ಮೊದಲಿನಂತೆ ಸುಪ್ರೀಂ ಕೋರ್ಟಿಗೆ ಮರಳಿಸಿತು. ಆಗ ಲೋಕಸಭೆಯ ಕುರ್ಚಿಯಲ್ಲಿ ಕೂತಿದ್ದವರು ಇವರೇ.

ಅದೇ 1978ರ ನವೆಂಬರ್‌ನಲ್ಲಿ ಇಂದಿರಾ ಚಿಕ್ಕಮಗಳೂರಿನಿಂದ ಗೆದ್ದು ಸದನಕ್ಕೆ ವಾಪಸ್ ಬಂದರು. ಮಾರುತಿ ಕಂಪನಿ ಬಗ್ಗೆ ಮಾಹಿತಿ ಕೂಡಿಸುತ್ತಿದ್ದ ಅಧಿಕಾರಿಗಳಿಗೆ ತಾವು ಪ್ರಧಾನಿಯಾಗಿದ್ದಾಗ ಕಿರುಕುಳ ಕೊಟ್ಟರು ಅನ್ನೋ ಹಕ್ಕುಚ್ಯುತಿ ಆರೋಪ ಅವರ ಮೇಲಿತ್ತು. ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಉಚ್ಚಾಟಿಸಿತು, ಅಧಿವೇಶನ ಮುಗಿಯುವವರೆಗೆ ತಿಹಾರ್ ಜೈಲಿಗೂ ಕಳಿಸಿತು. ಸ್ಪೀಕರ್ ಪೀಠದಲ್ಲಿ ಹೆಗ್ಡೆ. ಅವರ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿಸಿದ ಮಹಿಳೆಗೆ ಶಿಕ್ಷೆ ಆಗುವಾಗ ಅವರೇ ಅಧ್ಯಕ್ಷತೆ ವಹಿಸಿದ್ದರು. ಸದನದ ಬಹುಮತ ತೀರ್ಮಾನ ಮಾಡಿತು, ಸ್ಪೀಕರ್ ಮತ ಹಾಕಲಿಲ್ಲ, ನಿಜ. ನಿಯಮದ ಪ್ರಕಾರ ಅವರ ತಪ್ಪು ಯಾವುದೂ ಇಲ್ಲ. ಆದರೆ ಹತ್ತು ವರ್ಷದ ಹಿಂದೆ ಅವರೇ ಬರೆದ ಅಳತೆ ಏನು? ಮನಸ್ಸು ನೋಡಬೇಡಿ, ಕೂತ ಜಾಗ ನೋಡಿ. ಆ ಒಂದು ದಿನಕ್ಕಾದರೂ ಅವರು ಎದ್ದು ಹೋಗಿ ಉಪಸ್ಪೀಕರ್‌ಗೆ ಕುರ್ಚಿ ಬಿಡಬೇಕಿತ್ತು ಅಂತ ನನ್ನ ಅಭಿಪ್ರಾಯ. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ಅದೂ ಬಹುಮತದ ಬಲದಿಂದಲೇ.

1980ರ ಏಪ್ರಿಲ್‌ನಲ್ಲಿ ಬಿಜೆಪಿ ಹುಟ್ಟಿತು, ಹೆಗ್ಡೆ ಅದರ ಉಪಾಧ್ಯಕ್ಷರಾದರು, 1986ರವರೆಗೆ. ಅವರ ಟೀಕಾಕಾರರಿಗೆ ಬೇಕಾದ್ದು ಸಿಕ್ಕಿತು: ನೋಡಿ, ಪೀಠದಲ್ಲಿ ಕೂತಾಗಲೂ ಒಳಗೆ ಇದೇ ಇತ್ತು. ಈ ತರ್ಕ ನನಗೆ ಸರಿ ಅನ್ನಿಸುವುದಿಲ್ಲ. ಕಾಂಗ್ರೆಸ್ಸಿನಿಂದ ಪೀಠಕ್ಕೆ ಬಂದ ಮನುಷ್ಯ ಕಾಂಗ್ರೆಸ್ ಸರ್ಕಾರದ ವಿರುದ್ಧ ತೀರ್ಪು ಕೊಟ್ಟರು. ಹಳೆಯ ಪಕ್ಷದ ಋಣ ಅವರ ಪೆನ್ನನ್ನು ಹಿಡಿಯಲಿಲ್ಲ. ಆದರೆ ಪೀಠ ಇಳಿದ ಮೇಲೆ ಪಕ್ಷದ ಮೆಟ್ಟಿಲು ಹತ್ತಿದ್ದು ಅವರ ಹಳೆಯ ತೀರ್ಪುಗಳಿಗೇ ಭಾರವಾಯಿತು. ಅವರ ಜೊತೆಗೇ ರಾಜೀನಾಮೆ ಕೊಟ್ಟ ಶೆಲಟ್ ಹಾಗೆ ಚುನಾವಣೆಗೆ ಇಳಿಯಲಿಲ್ಲ, ಅವರ ಗಿರಿ ತೀರ್ಪನ್ನು ಇವತ್ತು ಯಾರೂ ಪಕ್ಷದ ಕಣ್ಣಿನಿಂದ ಓದುವುದಿಲ್ಲ.

ರಾಜಕೀಯದ ಜೊತೆಗೇ 1979ರಲ್ಲಿ ಊರಿನ ಪಕ್ಕದ ನಿಟ್ಟೆಯಲ್ಲಿ ಶಿಕ್ಷಣ ಟ್ರಸ್ಟ್ ಕಟ್ಟಿದ್ದರು. ಇವತ್ತು ನೀಟ್ ಪಟ್ಟಿಯಲ್ಲಿ ಕಾಣುವ ಹೆಸರು ಬೆಳೆದಿದ್ದು ಅಲ್ಲಿಂದ. 1990ರ ಮೇ 24ರಂದು ತೀರಿಕೊಂಡರು.

ಅವರ ಮಗ ಸಂತೋಷ್ ಹೆಗ್ಡೆ 1999ರಿಂದ 2005ರವರೆಗೆ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದರು, ಆಮೇಲೆ ಕರ್ನಾಟಕದ ಲೋಕಾಯುಕ್ತ. 2011ರ ಜುಲೈ 27ರಂದು ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ ಅವರು ಸರ್ಕಾರಕ್ಕೆ ವರದಿ ಕೊಟ್ಟರು. ಅದರಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರ ಹೆಸರಿತ್ತು. ನಾಲ್ಕು ದಿನದ ಮೇಲೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ದಕ್ಷಿಣ ಭಾರತದಲ್ಲಿ ಬಿಜೆಪಿಯ ಮೊದಲ ಸರ್ಕಾರ ಅವರದು. ಅಪ್ಪ ಉಪಾಧ್ಯಕ್ಷರಾಗಿದ್ದ ಪಕ್ಷ.